ಮೂರಂಕಿಯ ನಂಬರ್ ಅದು, ಫೋನಿಗೆ ಹಾಕಬಾರದಿತ್ತು

ಪಕ್ಕದ ಮನೆಯ ಹೆಂಗಸಿಗೆ ಗಂಡ ಹೊಡೆಯುತ್ತಾನೆ, ಅದಕ್ಕೆ ನಮ್ಮ ಬಡಾವಣೆಯಲ್ಲಿ ಜಾಥಾ ಮಾಡಿ ಸಹಾಯವಾಣಿಯ ಕರಪತ್ರ ಹಂಚಬೇಕು ಅಂದುಕೊಂಡಿದ್ದೇವೆ, ಹೇಗೆ ಶುರು ಮಾಡೋದು ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ ಅಂತು. ನಾನೂ ಇದನ್ನೇ ಮಾಡಿದ್ದೆ.

ಮಂಡ್ಯದಲ್ಲಿ ನನ್ನದೊಂದು ಟೈಲರ್ ಅಂಗಡಿ ಇದೆ, ಬ್ಲೌಸ್ ಹೊಲಿಯುತ್ತೇನೆ. 2023ರ ಮಾರ್ಚ್ 8ಕ್ಕೆ ನಮ್ಮ ಮಹಿಳಾ ಸಂಘದಿಂದ ಶಾಮಿಯಾನ ಹಾಕಿಸಿ, ಮೈಕ್ ತರಿಸಿ, ರಂಗೋಲಿ ಸ್ಪರ್ಧೆ ಮಾಡಿ, ಕೊನೆಗೆ ಕೌಟುಂಬಿಕ ದೌರ್ಜನ್ಯದ ಬಗ್ಗೆ ಭಾಷಣವನ್ನೂ ಮಾಡಿಸಿದೆವು. ಕೇಸರಿಬಾತ್ ಖಾಲಿಯಾಯಿತು, ಕರಪತ್ರ ಕುರ್ಚಿ ಕೆಳಗೆ ಉಳಿಯಿತು. ನಮ್ಮ ಬೀದಿಯಲ್ಲಿ ಗಂಡನಿಂದ ಹೊಡೆಸಿಕೊಳ್ಳುವವಳು ಎರಡನೇ ಸಾಲಿನಲ್ಲಿ ಕೂತಿದ್ದಳು, ಪಕ್ಕದಲ್ಲೇ ಅತ್ತೆ. ಅವಳು ಆ ಕರಪತ್ರ ಮುಟ್ಟುತ್ತಾಳಾ ಹೇಳಿ?

ವಾರ ಕಳೆದು ಅಳತೆ ಕೊಡಲು ಬಂದಳು. ಟೇಪು ಹಿಡಿದು ಬೆನ್ನ ಮೇಲೆ ಕೈ ಇಟ್ಟೆ, ಹಾ ಅಂದಳು. "ಏನೇ ಇದು?" ಅಂದರೆ "ಏನೂ ಇಲ್ಲ ಕಣಕ್ಕ, ಸುಮ್ಕಿರು" ಅಂದಳು. ಆಮೇಲೆ ಪರದೆ ಹಿಂದೆ ನಿಂತು ಎಲ್ಲ ಹೇಳಿದಳು.

ನಾನು ಮಾಡಿದ ತಪ್ಪು ಈಗ ಕೇಳಿ. ಅವಳ ಫೋನ್ ಇಸಿದುಕೊಂಡು 181 ನಂಬರನ್ನು ನನ್ನ ಕೈಯಾರೆ ಸೇವ್ ಮಾಡಿದೆ. ಹೆಸರು ಏನು ಹಾಕಿದೆ ಗೊತ್ತಾ? "ಮಹಿಳಾ ಸಹಾಯವಾಣಿ". ಅಷ್ಟೂ ಅಕ್ಷರ, ಅಚ್ಚ ಕನ್ನಡದಲ್ಲಿ. ಅವಳ ಗಂಡ ಗೂಡ್ಸ್ ಗಾಡಿ ಓಡಿಸುವವನು. ಒಂದು ರಾತ್ರಿ ಅವನ ಫೋನ್ ಚಾರ್ಜ್ ಸತ್ತಿತ್ತಂತೆ, ಮಾವನಿಗೆ ಫೋನ್ ಮಾಡಬೇಕು ಅಂತ ಇವಳ ಫೋನ್ ತೆಗೆದ. "ಮಾವ" ಅಂತ ಹುಡುಕಿದರೆ ಅದರ ಮೇಲೇ "ಮಹಿಳಾ" ಕೂತಿದೆ. ಫೋನನ್ನು ಗೋಡೆಗೆ ಎಸೆದ. ಯಾರು ಹಾಕಿಕೊಟ್ಟದ್ದು ಅಂತ ಕೇಳಿ ಕೇಳಿ ಹೊಡೆದ, ಅವಳು ನನ್ನ ಹೆಸರು ಹೇಳಲಿಲ್ಲ, ಎಡಗೈ ಮುರಿಯಿತು. ಮೂರು ಅಂಕಿ ರೀ. ಒಂದು, ಎಂಟು, ಒಂದು. ಸೇವ್ ಮಾಡುವ ಅಗತ್ಯವೇ ಇರಲಿಲ್ಲ, ಎರಡು ಸಲ ಹೇಳಿಸಿದ್ದರೆ ಬಾಯಿಗೆ ಬರುತ್ತಿತ್ತು. ಇಲ್ಲವೇ "ಕಾಜಾ ಹಾಕುವವರು" ಅಂತ ಏನಾದರೂ ಹೆಸರಿಡಬಹುದಿತ್ತು. ಅದೂ ಬೇಡ, ನನ್ನ ಅಂಗಡಿಯ ಫೋನಿಂದ ಅಲ್ಲೇ ಮಾತಾಡಿಸಬಹುದಿತ್ತು, ಯಾಕೆಂದರೆ ಅವಳ ಫೋನಿಂದ ಕರೆ ಮಾಡಿದರೂ ಗುರುತು ಉಳಿಯುತ್ತದೆ ಅಲ್ವಾ. ಸಹಾಯ ಮಾಡಿದೆ ಅಂತ ಆ ದಿನ ಎಷ್ಟು ಹೆಮ್ಮೆ ನನಗೆ! ಅವಳ ಫೋನ್ ಅವಳದ್ದಲ್ಲ ಅನ್ನೋದು ಹೊಳೆಯಲೇ ಇಲ್ಲ.

ಐದು ತಿಂಗಳು ಅವಳು ಅಂಗಡಿ ಕಡೆ ತಲೆ ಹಾಕಲಿಲ್ಲ.

ನಿಮ್ಮ ಪ್ರಶ್ನೆಯಲ್ಲೇ ನನಗೊಂದು ತಕರಾರಿದೆ. ಜನರಲ್ಲಿ ಜಾಗೃತಿ ಇಲ್ಲ ಅಂತ ಯಾರು ಹೇಳಿದರು? ನಮ್ಮ ಬೀದಿಗೆಲ್ಲ ಗೊತ್ತಿತ್ತು. ಆ ಮನೆಯಲ್ಲಿ ಸದ್ದು ಶುರುವಾದರೆ ಎದುರು ಮನೆಯಲ್ಲಿ ಟಿವಿ ಸೌಂಡ್ ಜಾಸ್ತಿ ಆಗುತ್ತಿತ್ತು. ಗೊತ್ತಿಲ್ಲದವರು ಸೌಂಡ್ ಜಾಸ್ತಿ ಮಾಡೋದಿಲ್ಲ. ಹಿಂದೆ 2008ರಲ್ಲಿ "ಬೆಲ್ ಬಜಾವೋ" ಅಂತ ಒಂದು ಪ್ರಚಾರ ಬಂದಿತ್ತು. ಹೊಡೆಯುವ ಸದ್ದು ಕೇಳಿದರೆ ಹೋಗಿ ಬೆಲ್ ಒತ್ತಿ, ಹಾಲು ಇದೆಯಾ ಅಂತ ಕೇಳಿ, ಅಷ್ಟೇ. ನನ್ನ ಪ್ರಕಾರ ಅದು ನಮ್ಮ ಶಾಮಿಯಾನಕ್ಕಿಂತ ಬುದ್ಧಿವಂತಿಕೆಯ ಕೆಲಸ. ಪ್ರಾಣಕ್ಕೆ ಬರುವ ಹಾಗಿದ್ದರೆ ಮಾತ್ರ ಒಬ್ಬರೇ ನುಗ್ಗಬೇಡಿ, 112ಕ್ಕೆ ಫೋನ್ ಮಾಡಿ. ಇನ್ನು ಹಿರಿಯರನ್ನು ಕೂರಿಸಿ ನ್ಯಾಯ ಮಾಡಿಸೋದು ಬೇಡವೇ ಬೇಡ. "ಹೊಂದಿಕೊಂಡು ಹೋಗಮ್ಮ" ಅಂದು ಅವರು ಕಾಫಿ ಕುಡಿದು ಎದ್ದು ಹೋಗುತ್ತಾರೆ, ರಾತ್ರಿ ಅವಳು ಅದೇ ಮನೆಯಲ್ಲಿ ಮಲಗಬೇಕು.

ಆಗಸ್ಟ್‌ನಲ್ಲಿ, ವರಮಹಾಲಕ್ಷ್ಮಿ ಹಬ್ಬದ ಬ್ಲೌಸ್ ರಾಶಿ ಬಿದ್ದಿದ್ದಾಗ, ಅವಳೇ ಬಂದಳು. ಈ ಸಲ ನಾನು ಫೋನ್ ಮುಟ್ಟಲಿಲ್ಲ, ಏನು ಬೇಕು ಅಂತ ಕೇಳಿದೆ. "ಆಧಾರ್ ಬೇಕು ಕಣಕ್ಕ" ಅಂದಳು! ಶಕ್ತಿ ಯೋಜನೆ ಬಂದು ಬಸ್ಸಿಗೆ ದುಡ್ಡು ಬೇಡವಾಗಿತ್ತು, ಆದರೆ ಗುರುತಿನ ಚೀಟಿ ತೋರಿಸಬೇಕು, ಅವಳದ್ದು ಅವನ ಬೀರುವಿನಲ್ಲಿ. ಒಂದೊಂದೇ ತಂದಳು. ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್, ಮಗಳ ಜನನ ಪತ್ರ, ಕೈ ಮುರಿದಾಗಿನ ಆಸ್ಪತ್ರೆ ಚೀಟಿ. ಎಲ್ಲ ನನ್ನ ಅಂಗಡಿಯಲ್ಲಿ ಲೈನಿಂಗ್ ಬಟ್ಟೆ ಕೆಳಗೆ ಒಂದು ಚೀಲದಲ್ಲಿ. ಇಪ್ಪತ್ತು ದಿನ ಹಿಡಿಯಿತು.

ಆಮೇಲೆ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಕಚೇರಿಗೆ ಹೋದೆವು. ಇದು ತುಂಬ ಜನಕ್ಕೆ ಗೊತ್ತಿಲ್ಲ, ಅಂಗನವಾಡಿ ನೋಡಿಕೊಳ್ಳುತ್ತಾರಲ್ಲ ಆ ತಾಲ್ಲೂಕು ಅಧಿಕಾರಿಯೇ ನಮ್ಮ ರಾಜ್ಯದಲ್ಲಿ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿ, ಅಂದರೆ ದೂರು ತಗೊಂಡು ಕೋರ್ಟಿಗೆ ಹೋಗಲು ನೆರವಾಗುವವರು. ಮಗುವಿನ ನೆಪ ಹೇಳಿ ಅಂಗನವಾಡಿ ಕಡೆ ಹೋದರೆ ಯಾವ ಗಂಡನೂ ಅನುಮಾನ ಪಡಲ್ಲ. ನೀವೂ, ಅಂದರೆ ಪಕ್ಕದ ಮನೆಯವರೂ, ಆ ಅಧಿಕಾರಿಗೆ ಮಾಹಿತಿ ಕೊಡಬಹುದು. ಒಳ್ಳೆಯ ಉದ್ದೇಶದಿಂದ ಕೊಟ್ಟರೆ ನಿಮ್ಮ ಮೇಲೆ ಕೇಸು ಬೀಳಲ್ಲ, ಕಾಯ್ದೆಯಲ್ಲೇ ಇದೆ. ಆದರೆ ಅವಳನ್ನು ಕೇಳದೆ ಕೊಡಬೇಡಿ. ವಕೀಲರಿಗೆ ದುಡ್ಡಿಲ್ಲ ಅಂತ ಅವಳು ಅಳುತ್ತಿದ್ದಳು, ಕಾನೂನು ಸೇವಾ ಪ್ರಾಧಿಕಾರದಿಂದ ಹೆಣ್ಣುಮಕ್ಕಳಿಗೆ ವಕೀಲರು ಪುಕ್ಕಟೆ, ಆದಾಯ ಎಷ್ಟೇ ಇರಲಿ. ಮನೆ ಅತ್ತೆ ಹೆಸರಲ್ಲಿದೆ, ನಿನಗೇನು ಹಕ್ಕು ಅಂತ ಹೆದರಿಸಿದ್ದರು. ಗಂಡನ ಜೊತೆ ಸಂಸಾರ ಮಾಡಿದ ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ವಾಸದ ಹಕ್ಕು ಕೇಳಬಹುದು ಅಂತ 2020ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಈಗ ಅವಳು ಅದೇ ಮನೆಯಲ್ಲಿದ್ದಾಳೆ, ಕೋರ್ಟ್ ಆದೇಶದ ಮೇಲೆ. ಬೆಳಗ್ಗೆ ಗಾರ್ಮೆಂಟ್ಸ್ ಬಸ್ ಹತ್ತುತ್ತಾಳೆ. ಅವನು ಬಾಯಿ ಮಾಡುತ್ತಾನೆ, ಕೈ ಎತ್ತಲ್ಲ. ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲಾಗಬಹುದು ಅನ್ನೋದು ಅವನಿಗೆ ಅರ್ಥವಾಗಿದೆ. ಅವಳ ಎಡಗೈ ಮಾತ್ರ ಇನ್ನೂ ಪೂರ್ತಿ ಮೇಲೇಳುವುದಿಲ್ಲ, ಅವಳ ಬ್ಲೌಸಿಗೆ ಕಂಕುಳಲ್ಲಿ ಅರ್ಧ ಇಂಚು ಜಾಸ್ತಿ ಬಿಟ್ಟು ಕತ್ತರಿಸುತ್ತೇನೆ.

ಜಾಥಾ ಮಾಡಲೇಬೇಕು ಅಂದ್ರೆ ಮಾಡಿ, ಬೇಡ ಅನ್ನಲ್ಲ. ಅದಕ್ಕೆ ಮೊದಲು ನಿಮ್ಮ ಬೀದಿಯಲ್ಲಿ ಆ ಹೆಂಗಸು ಅತ್ತೆ ಇಲ್ಲದೆ ಒಬ್ಬಳೇ ಹೋಗುವ ಜಾಗ ಯಾವುದು ನೋಡಿಕೊಳ್ಳಿ. ಟೈಲರೋ, ಬ್ಯೂಟಿ ಪಾರ್ಲರೋ, ಹಿಟ್ಟಿನ ಗಿರಣಿಯೋ. ಅಲ್ಲಿರುವವರನ್ನು ಮಾತಾಡಿಸಿ, ಒಂದು ಚೀಲ ಇಡಲು ಜಾಗ ಇದೆಯಾ ಕೇಳಿ.