ಸೀಟೆಲ್ಲ ಭರ್ತಿ, ಆದರೂ ನಷ್ಟ ಯಾಕೆ?

ಪ್ರಶ್ನೆ: ವಿಮಾನ ಹತ್ತಿದಾಗಲೆಲ್ಲ ನೋಡುತ್ತೇನೆ, ಒಂದು ಸೀಟೂ ಖಾಲಿ ಇರಲ್ಲ. ಆದರೂ ನಮ್ಮ ಬೆಂಗಳೂರಿನ ಏರ್ ಡೆಕ್ಕನ್, ಕಿಂಗ್‌ಫಿಷರ್ ಎರಡೂ ಮುಳುಗಿದವು, ಇಂಡಿಗೊ ಮಾತ್ರ ಬೆಳೆಯಿತು. ಇದು ಹೇಗೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸೀಟು ತುಂಬುವುದು ಬೇರೆ, ಅದರಿಂದ ಖರ್ಚು ಗಿಟ್ಟುವುದು ಬೇರೆ. ಟಿಕೆಟ್ ಮಾರುವುದು ರೂಪಾಯಿಯಲ್ಲಿ, ವಿಮಾನದ ಬಾಡಿಗೆ ಕಟ್ಟುವುದು ಡಾಲರ್‌ನಲ್ಲಿ. ಇಂಧನಕ್ಕೇ ಖರ್ಚಿನ ಮೂರನೇ ಒಂದು ಭಾಗದಷ್ಟು ಹೋಗುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಅದರ ಮೇಲೆ ರಾಜ್ಯಗಳ ತೆರಿಗೆ ಬೇರೆ.

ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದ್ದೇ ನಿಮ್ಮ ಹುಬ್ಬಳ್ಳಿಗೆ ಪುಟ್ಟ ಎಟಿಆರ್ ವಿಮಾನ ಹಾರಿಸಿ. ವಿಮಾನ ನಿಲ್ದಾಣವನ್ನೇ ನೋಡದ ಜನ ವಿಮಾನ ಹತ್ತಿದರು, ಅದು ಸಣ್ಣ ಮಾತಲ್ಲ. ಆದರೆ ಮೂರ್ನಾಲ್ಕು ವರ್ಷದಲ್ಲೇ 60ಕ್ಕೂ ಹೆಚ್ಚು ಊರಿಗೆ ಹರಡಿಕೊಂಡಿತು, ದುಡ್ಡು ಅಷ್ಟು ಬೇಗ ಬರಲಿಲ್ಲ.

ಕಿಂಗ್‌ಫಿಷರ್ ಕಥೆ ಬೇರೆ. ಬಿಸಿ ಊಟ, ಸೀಟಿಗೊಂದು ಟಿವಿ, ಎಲ್ಲ ಚೆನ್ನಾಗಿತ್ತು, ಲಾಭವೊಂದನ್ನು ಬಿಟ್ಟು! 2005ರಿಂದ ಒಂದು ವರ್ಷವೂ ಅದು ಲಾಭ ಕಾಣಲಿಲ್ಲ. ವಿದೇಶಕ್ಕೆ ಹಾರಬೇಕೆಂದರೆ ಆಗ ದೇಶದೊಳಗೆ ಐದು ವರ್ಷ ಹಾರಿರಬೇಕಿತ್ತು, ಇಪ್ಪತ್ತು ವಿಮಾನವೂ ಇರಬೇಕಿತ್ತು. ಡೆಕ್ಕನ್‌ಗೆ 2008ಕ್ಕೆ ಐದು ತುಂಬುತ್ತಿತ್ತು. ಕಿಂಗ್‌ಫಿಷರ್ ಡೆಕ್ಕನ್ನನ್ನು ಕೊಂಡ ಕಾರಣಗಳಲ್ಲಿ ಇದೂ ಒಂದು. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಅಗ್ಗದ ಸೇವೆ, ದುಬಾರಿ ಸೇವೆ ಎರಡನ್ನೂ ಒಂದೇ ಹೆಸರಲ್ಲಿ ನಡೆಸಲು ಹೋಗಿ ಎರಡೂ ಕೆಟ್ಟವು ಅನ್ನುವುದು ನನ್ನ ಅಭಿಪ್ರಾಯ. 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನೆಲ ಬಿಟ್ಟು ಏಳಲೇ ಇಲ್ಲ.

ಇಂಡಿಗೊ ಒಂದು ವಿಮಾನವೂ ಹಾರಿಸದೆ, 2005ರಲ್ಲೇ 100 ಏರ್‌ಬಸ್ ಎ320ಗೆ ಆರ್ಡರ್ ಕೊಟ್ಟಿತು. ಸಗಟು ಖರೀದಿ ಅಲ್ವಾ, ರಿಯಾಯಿತಿಯೂ ಹಾಗೇ ಸಿಗುತ್ತದೆ. ವಿಮಾನ ಕೈಗೆ ಬಂದ ಕೂಡಲೇ ಬಾಡಿಗೆ ಕಂಪನಿಗೆ ಮಾರಿ, ಅವರಿಂದಲೇ ಬಾಡಿಗೆಗೆ ತಗೊಂಡು ಹಾರಿಸಿತು. ಇದರಿಂದ ಕೈಯಲ್ಲಿ ಕಾಸು ಉಳಿಯಿತು. 2017ರವರೆಗೆ ಒಂದೇ ಬಗೆಯ ವಿಮಾನ, ಹಾಗಾಗಿ ಯಾವ ಪೈಲಟ್ ಯಾವ ವಿಮಾನಕ್ಕೂ ಆಗುತ್ತಿದ್ದರು, ಬಿಡಿಭಾಗವೂ ಒಂದೇ. ಮುಂದಿನ ಸಲ ಇಳಿಯುವಾಗ ಗಮನಿಸಿ. ಗಗನಸಖಿಯರೇ ಚೀಲ ಹಿಡಿದು ಕಸ ಕೇಳುತ್ತಾ ಬರುತ್ತಾರೆ, ಹಿಂದಿನ ಬಾಗಿಲಿಗೂ ಇಳಿದು ಬರಲು ಇಳಿಜಾರು ದಾರಿ ತಂದು ನಿಲ್ಲಿಸುತ್ತಾರೆ. ಅರ್ಧ ಗಂಟೆಯಲ್ಲಿ ಮತ್ತೆ ಹಾರಬೇಕು. ನೆಲದ ಮೇಲೆ ನಿಂತ ವಿಮಾನಕ್ಕೂ ಬಾಡಿಗೆ ಓಡುತ್ತಲೇ ಇರುತ್ತದಲ್ಲ! ಎಂಜಿನ್ ಸಿಗದೆ ಅರ್ಧದಷ್ಟು ವಿಮಾನ ನಿಂತುಹೋದ ಗೋ ಫಸ್ಟ್ ಕಂಪನಿ 2023ರ ಮೇನಲ್ಲಿ ಬಾಗಿಲು ಹಾಕಿದ್ದನ್ನು ನೋಡಿದರೆ ಇದು ಗೊತ್ತಾಗುತ್ತದೆ.

ಪ್ರಶ್ನೆ: ಬೀದರಿಗೆ ವಿಮಾನ ಬರುತ್ತದೆ, ನಿಲ್ಲುತ್ತದೆ. ಯಾಕೆ?
– ಓದುಗರೊಬ್ಬರು, ಬೀದರ್

ಉತ್ತರ: ಸಣ್ಣ ಊರುಗಳಿಗೂ ವಿಮಾನ ತರುವ ಉಡಾನ್ ಯೋಜನೆಯಲ್ಲಿ ಸರ್ಕಾರ ಕೊರತೆ ತುಂಬಿಕೊಡುವುದು ಮೂರು ವರ್ಷ ಮಾತ್ರ. ಆಮೇಲೆ ಟಿಕೆಟ್ ದುಡ್ಡಿನಲ್ಲೇ ನಡೆಯಬೇಕು, ಸಣ್ಣ ವಿಮಾನದಲ್ಲಿ ಆ ಲೆಕ್ಕ ಸುಲಭಕ್ಕೆ ಕೂಡುವುದಿಲ್ಲ. 2020ರಲ್ಲಿ ನಿಮ್ಮೂರಿಗೆ ಮೊದಲು ಬಂದ ಟ್ರೂಜೆಟ್ ಕಂಪನಿಯೇ 2022ರಲ್ಲಿ ಹಾರಾಟ ನಿಲ್ಲಿಸಿತು.