ಸಂಪಾದಕರ ಉತ್ತರ: ನೆಪೋಲಿಯನ್ನನ ಕುದುರೆ ಯಾರಪ್ಪನ ಸ್ವತ್ತು?

ಹೋದ ಸಂಚಿಕೆಯ ಕಲಾಪುಟದಲ್ಲಿ ಅಮೆರಿಕದ ಇಬ್ಬರು ಕಪ್ಪು ಕಲಾವಿದರಾದ ಕೆಹಿಂಡೆ ವೈಲಿ ಮತ್ತು ಏಮಿ ಶೆರಾಲ್ಡ್ ಬರೆದ ಭಾವಚಿತ್ರಗಳ ಬಗ್ಗೆ ಲೇಖನ ಹಾಕಿದ್ದೆವು. ಅದನ್ನು ಓದಿದ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಉದ್ದನೆಯ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಅವರ ತಕರಾರು ಇಷ್ಟು: "ಯುರೋಪಿನ ಹಳೇ ಚಿತ್ರ ನಕಲು ಮಾಡಿ, ಮುಖ ಬದಲಿಸಿ, ಆಧುನಿಕೋತ್ತರ ಅಂತ ಹೆಸರಿಟ್ಟರೆ ಕಲೆಯಾಯಿತೇ? ನನ್ನ ಹುಡುಗರು ಹಾಗೆ ಬರೆದು ತಂದಿದ್ದರೆ ಕಿವಿ ಹಿಂಡುತ್ತಿದ್ದೆ. ಆ ಶೆರಾಲ್ಡ್ ಎಂಬಾಕೆಯಂತೂ ಮೈಬಣ್ಣವನ್ನೇ ಬೂದಿ ಮಾಡಿದ್ದಾರೆ. ಭಾವಚಿತ್ರಕ್ಕೆ ಮೊದಲು ಹೋಲಿಕೆ ಬರಬೇಕು. ಸಂಸ್ಕೃತಿ ತೋರಿಸಬೇಕಾದರೆ ಅವರವರ ಉಡುಗೆ ತೊಡುಗೆ ಬರೆಯಲಿ. ರವಿವರ್ಮ ಬರೆಯಲಿಲ್ಲವೇ?"

ಮೇಷ್ಟ್ರೇ, ನಮಸ್ಕಾರ. ನಿಮ್ಮ ಕೋಪ ಅರ್ಥವಾಗುತ್ತದೆ, ಅರ್ಧ ಒಪ್ಪಿಗೆಯೂ ಇದೆ. ಆದರೆ ಹೋಲಿಕೆಯ ಮಾತು ತೆಗೆದಿರಿ ನೋಡಿ, ಅಲ್ಲಿಂದಲೇ ಶುರು ಮಾಡುತ್ತೇನೆ.

ವೈಲಿ 2005ರಲ್ಲಿ ನಕಲು ಮಾಡಿದ ಮೂಲಚಿತ್ರ ಫ್ರೆಂಚ್ ಚಿತ್ರಕಾರ ಜಾಕ್ ಲೂಯಿ ಡೇವಿಡ್‌ನದು. ಮುಂಗಾಲೆತ್ತಿದ ಬಿಳಿ ಕುದುರೆ, ಗಾಳಿಗೆ ಹಾರುವ ಮೇಲಂಗಿ, ಆಲ್ಪ್ಸ್ ಪರ್ವತ ದಾಟುತ್ತಿರುವ ನೆಪೋಲಿಯನ್. 1801ರಿಂದ 1805ರ ನಡುವೆ ಡೇವಿಡ್ ಮತ್ತವನ ಶಿಷ್ಯರು ಇದರ ಐದು ಪ್ರತಿ ಮಾಡಿದರು. ಈ ಚಿತ್ರಕ್ಕೆ ನೆಪೋಲಿಯನ್ ಎದುರು ಕೂರಲೇ ಇಲ್ಲ. ಮುಖ ಹೋಲಬೇಕಾದ್ದೇನಿಲ್ಲ, ವ್ಯಕ್ತಿತ್ವ ಬಂದರೆ ಸಾಕು ಎಂಬುದು ಅವನ ನಿಲುವು. ಪರ್ವತವನ್ನು ಅವನು ದಾಟಿದ್ದು ಕುದುರೆಯ ಮೇಲಲ್ಲ, ಹೇಸರಗತ್ತೆಯ ಮೇಲೆ. ಕೆಳಗಿನ ಬಂಡೆಯಲ್ಲಿ ಬೊನಾಪಾರ್ಟ್ ಎಂದೂ, ಅವನಿಗೂ ಹಿಂದೆ ಆಲ್ಪ್ಸ್ ದಾಟಿದ ದಂಡನಾಯಕ ಹ್ಯಾನಿಬಲ್, ಚಕ್ರವರ್ತಿ ಕರೋಲಸ್ ಮ್ಯಾಗ್ನಸ್ ಎಂದೂ ಕೊರೆದ ಹಾಗೆ ಬರೆದದ್ದು ಡೇವಿಡ್‌ನ ಕೈಚಳಕ. ಹೋಲಿಕೆ ಎಲ್ಲಿದೆ ಹೇಳಿ? ಅಧಿಕಾರಕ್ಕೆ ಬೇಕಾದ ಭಂಗಿಯನ್ನು ಡೇವಿಡ್ ಕಟ್ಟಿಕೊಟ್ಟ. ಇನ್ನೂರು ವರ್ಷ ಜನ ಅದನ್ನೇ ನೆಪೋಲಿಯನ್ ಎಂದು ನಂಬಿದರು.

ವೈಲಿ ಆ ಕುದುರೆಯ ಮೇಲೆ ಬೀದಿಯಲ್ಲಿ ಸಿಕ್ಕ ಒಬ್ಬ ಯುವಕನನ್ನು ಕೂರಿಸಿದರು. ಮಿಲಿಟರಿ ಮಾದರಿಯ ಮಚ್ಚೆ ಬಟ್ಟೆ, ಟಿಂಬರ್‌ಲ್ಯಾಂಡ್ ಬೂಟು. ಪರ್ವತ ಮಾಯವಾಗಿ ಹಿಂದೆ ಕೆಂಪು-ಚಿನ್ನದ ಬಳ್ಳಿ ವಿನ್ಯಾಸ ಬಂದಿದೆ. ಬಂಡೆಯ ಮೇಲೆ ಹಳೇ ಹೆಸರುಗಳ ಜತೆ 'ವಿಲಿಯಮ್ಸ್' ಎಂಬ ಇನ್ನೊಂದು ಸೇರಿದೆ. ನನಗೆ ಈ ಚಿತ್ರದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಈ ಹೆಸರೇ. ವಿಲಿಯಮ್ಸ್ ಅಂದರೆ ಅಮೆರಿಕದ ಕಪ್ಪು ಜನರಲ್ಲಿ ತೀರಾ ಮಾಮೂಲಿ ಮನೆಹೆಸರು. ಆಧುನಿಕೋತ್ತರ ಎಂದು ಲೇಖನದಲ್ಲಿ ಹೇಳಿದ್ದು ಇದಕ್ಕೇ. ಚಿತ್ರ ಹೊಸದಾಗಿ ಹುಟ್ಟಿದ್ದು ಎಂದು ನಟಿಸುವುದಿಲ್ಲ, ಎರವಲು ತಂದದ್ದನ್ನು ಮುಚ್ಚಿಡುವುದಿಲ್ಲ. ಈ ಭಂಗಿ ಇಷ್ಟು ದಿನ ಯಾರ ಕೈಯಲ್ಲಿತ್ತು ಎಂದು ಎಲ್ಲರೆದುರು ಕೇಳುತ್ತದೆ.

ಇಲ್ಲಿ ಶೋಷಣೆಯೂ ಇರಬಹುದಲ್ವಾ ಎಂದು ನೀವು ಕೇಳಿಲ್ಲ, ಆದರೆ ಕೇಳಬಹುದಿತ್ತು. ಆರಂಭದ ಚಿತ್ರಗಳಲ್ಲಿ ವೈಲಿ ಯುವಕರನ್ನು ಸ್ಟುಡಿಯೋಗೆ ಕರೆದು ಕಲಾ ಇತಿಹಾಸದ ಪುಸ್ತಕಗಳನ್ನು ಅವರ ಮುಂದೆ ಇಡುತ್ತಿದ್ದರು. ಯಾವ ಭಂಗಿ ಬೇಕೋ ಅವರೇ ಆರಿಸಿಕೊಳ್ಳುತ್ತಿದ್ದರು. ನಮ್ಮೂರ ಹಳೇ ಫೋಟೊ ಸ್ಟುಡಿಯೋದಲ್ಲಿ ಬಾಡಿಗೆ ಕೋಟು ತೊಟ್ಟು, ಕೊಳದ ಚಿತ್ರವಿದ್ದ ಪರದೆಯ ಮುಂದೆ ನಿಂತವರನ್ನು ನೆನೆಸಿಕೊಳ್ಳಿ. ಆ ಕೋಟು ಅವರದಲ್ಲ, ತಾನು ಹೀಗೆ ಕಾಣಬೇಕು ಎಂಬ ಆಸೆ ಮಾತ್ರ ಪೂರ್ತಿ ಅವರದೇ.

ಈಗ ನನ್ನ ಒಪ್ಪಿಗೆಯ ಅರ್ಧ. ವೈಲಿಯ ಈ ಉಪಾಯ ಬರಬರುತ್ತಾ ಸೂತ್ರವಾಯಿತು. 'ವರ್ಲ್ಡ್ ಸ್ಟೇಜ್' ಎಂಬ ಸರಣಿಯಲ್ಲಿ ಚೀನಾ, ಬ್ರೆಜಿಲ್, ಇಸ್ರೇಲ್, ಭಾರತ-ಶ್ರೀಲಂಕಾ ಎಂದು ದೇಶ ದೇಶ ಸುತ್ತಿದರು. ಹೋದಲ್ಲೆಲ್ಲ ಅದೇ ನಿಲುವು, ಹಿಂದೆ ಆಯಾ ದೇಶದ ಬಟ್ಟೆಯ ವಿನ್ಯಾಸ. ಸಂಸ್ಕೃತಿ ಅಲ್ಲಿ ಗೋಡೆ ಕಾಗದದಷ್ಟು ತೆಳುವಾಗಿಬಿಡುತ್ತದೆ. ಒಬಾಮಾ ಭಾವಚಿತ್ರದಲ್ಲಿ ಮಾತ್ರ ಆ ಹಿನ್ನೆಲೆಗೆ ಮತ್ತೆ ಅರ್ಥ ಬಂತು. ಸುತ್ತಲಿನ ಎಲೆಗಳ ನಡುವೆ ಅವರು ಹುಟ್ಟಿದ ಹವಾಯಿಗೆ ಮಲ್ಲಿಗೆ, ರಾಜಕೀಯ ಶುರು ಮಾಡಿದ ಶಿಕಾಗೋಗೆ ಸೇವಂತಿಗೆ, ಅಪ್ಪನ ನಾಡು ಕೀನ್ಯಾಕ್ಕೆ ಆಫ್ರಿಕಾದ ನೀಲಿ ಲಿಲ್ಲಿ. ಅಂದಹಾಗೆ, 2018ರ ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಅದರ ಅನಾವರಣವಾದಾಗ ಒಬಾಮಾ ತಮಾಷೆ ಮಾಡಿದರು: ನನ್ನನ್ನು ನೆಪೋಲಿಯನ್ ಮಾಡಬೇಡಪ್ಪ, ಇರುವ ರಾಜಕೀಯ ತಲೆನೋವೇ ಸಾಕು ಎಂದು ವೈಲಿಗೆ ಹೇಳಬೇಕಾಯಿತಂತೆ!

ಇನ್ನು ಬೂದು ಬಣ್ಣ. ಅದೇ ದಿನ ಅನಾವರಣವಾದ, ಶೆರಾಲ್ಡ್ ಬರೆದ ಮಿಶೆಲ್ ಒಬಾಮಾ ಭಾವಚಿತ್ರ ನೋಡಿ, ಇದು ಅವರ ಹಾಗೇ ಕಾಣುತ್ತಿಲ್ಲ ಎಂದು ಅಲ್ಲಿಯೂ ಜಗಳವಾಗಿತ್ತು. ಶೆರಾಲ್ಡ್ ತನ್ನ ಎಲ್ಲ ಚಿತ್ರಗಳಲ್ಲೂ ಮೈಬಣ್ಣವನ್ನು ಬೂದು ಛಾಯೆಗಳಲ್ಲೇ ಬರೆಯುವುದು, ಬಟ್ಟೆಗೆ ಮಾತ್ರ ಎದ್ದು ಕಾಣುವ ಬಣ್ಣ. ಅಮೆರಿಕದಲ್ಲಿ ಕಪ್ಪು ಮನುಷ್ಯ ಕಂಡ ತಕ್ಷಣ ನೋಡುವವರ ಕಣ್ಣಿಗೆ ಮೊದಲು ಬೀಳುವುದು ಚರ್ಮ. ಅದನ್ನೇ ತೆಗೆದುಬಿಟ್ಟರೆ ಕಣ್ಣು ಬೇರೆ ಕಡೆ ಹೋಗಲೇಬೇಕು: ಕೈ ಇಟ್ಟ ರೀತಿ, ದೃಷ್ಟಿ, ಉಡುಪು. ಮಿಶೆಲ್ ಉಟ್ಟ ಅಗಲ ಗೌನಿನ ಚೌಕ-ತ್ರಿಕೋನಗಳು ಅಲಬಾಮಾದ ಗೀಸ್ ಬೆಂಡ್ ಎಂಬಲ್ಲಿ ಕಪ್ಪು ಹೆಂಗಸರು ಹೊಲಿಯುವ ಕೌದಿಗಳನ್ನು ನೆನಪಿಸುತ್ತವೆ. (ನಮ್ಮ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕೌದಿ ನೋಡಿದವರಿಗೆ ಆ ತುಂಡುಗಳ ಜೋಡಣೆ ಹೊಸದೆನಿಸದು.) ನೀವು ಕೇಳಿದ ಉಡುಗೆ ತೊಡುಗೆ ಅಲ್ಲಿದೆ ಮೇಷ್ಟ್ರೇ, ಪ್ರದರ್ಶನದ ಬೊಂಬೆಯ ಮೈಮೇಲೆ ತೊಡಿಸಿದ ಹಾಗಿಲ್ಲ ಅಷ್ಟೇ.

ನನ್ನನ್ನು ಕೇಳಿದರೆ ಇವರಿಬ್ಬರಿಗಿಂತ ಅಮೆರಿಕದ ಇನ್ನೊಬ್ಬ ಕಪ್ಪು ಕಲಾವಿದ ಕೆರ‍್ರಿ ಜೇಮ್ಸ್ ಮಾರ್ಷಲ್ ಒಂದು ಕೈ ಮೇಲು. ಲೇಖನದಲ್ಲಿ ಅವರು ಬರಬೇಕಿತ್ತು. 1980ರಲ್ಲಿ ಅವರು ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣದಿಂದ ಅಂಗೈಯಗಲದ ಒಂದು ಭಾವಚಿತ್ರ ಬರೆದರು. ಕಪ್ಪು ಹಿನ್ನೆಲೆಯಲ್ಲಿ ಕಪ್ಪು ಮುಖ. ಬೆಳ್ಳಗೆ ಕಾಣುವುದು ಕಣ್ಣು, ಅಂಗಿಯ ತುಣುಕು, ಒಂದು ಹಲ್ಲು ಬಿದ್ದ ನಗು. ಬಿಳಿಯರ ವ್ಯಂಗ್ಯಚಿತ್ರಗಳಲ್ಲಿ ಕಪ್ಪು ಜನರನ್ನು ಹಾಗೇ ತೋರಿಸುತ್ತಿದ್ದರು. ಅದನ್ನೇ ತೆಗೆದುಕೊಂಡು ಅವರು ಮುಂದಿನ ದಶಕಗಳಲ್ಲಿ ಕಪ್ಪನ್ನು ಬಣ್ಣವಾಗಿ ಬೆಳೆಸಿದರು. ಐವರಿ ಕಪ್ಪು, ಕಾರ್ಬನ್ ಕಪ್ಪು, ಮಾರ್ಸ್ ಕಪ್ಪು, ಮೂರೂ ಬೇರೆ ಬೇರೆ. ಒಂದಕ್ಕೆ ನೀಲಿ, ಇನ್ನೊಂದಕ್ಕೆ ಹಸಿರು ಸೇರಿಸುತ್ತಾ ಹೋದರೆ ಕಪ್ಪಿನಲ್ಲೇ ಎಷ್ಟು ಮೆಟ್ಟಿಲು! ಬಣ್ಣ ಕಲಸಿ ಕೈ ಕಪ್ಪಾಗಿಸಿಕೊಂಡ ನಿಮಗೆ ಇದರ ಕಷ್ಟ ನನಗಿಂತ ಚೆನ್ನಾಗಿ ಗೊತ್ತು. 2009ರ ಒಂದು ಚಿತ್ರದಲ್ಲಿ ಕಪ್ಪು ಕಲಾವಿದೆಯೊಬ್ಬಳು ದೊಡ್ಡ ಪ್ಯಾಲೆಟ್ ಹಿಡಿದು ಕೂತಿದ್ದಾಳೆ. ಹಿಂದೆ ಅವಳದೇ ಭಾವಚಿತ್ರ, ಅರ್ಧ ಮುಗಿದದ್ದು. ಮಕ್ಕಳಿಗೆ ಕೊಡುವ, ಅಂಕಿ ನೋಡಿ ಬಣ್ಣ ತುಂಬುವ ಹಾಳೆಯ ಹಾಗೆ ಅದರ ತುಂಬ ಅಂಕಿಗಳು. ನನ್ನ ಮುಖಕ್ಕೆ ಯಾವ ಬಣ್ಣ ಎಂದು ಬೇರೆ ಯಾರೋ ನಂಬರ್ ಕೊಟ್ಟುಬಿಟ್ಟಿದ್ದಾರೆ, ಅಲ್ವಾ?

ಕೊನೆಗೆ ರವಿವರ್ಮ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 'ಗ್ಯಾಲಕ್ಸಿ ಆಫ್ ಮ್ಯೂಸಿಷಿಯನ್ಸ್' ನೀವು ನೋಡಿರುತ್ತೀರಿ. ಹನ್ನೊಂದು ಹೆಂಗಸರು, ನಾಯರ್, ಮರಾಠಿ, ಮುಸ್ಲಿಂ, ಪಾರ್ಸಿ ಎಂದು ಉಡುಪಿನಿಂದಲೇ ಗುರುತಿಸಬಹುದು. ನೀವು ಹೇಳುವ ಸಂಸ್ಕೃತಿ ಇದೇ. ಸೊಗಸಾದ ಚಿತ್ರ, ಸಂದೇಹವಿಲ್ಲ. ಆದರೆ ಅಷ್ಟು ಕಡೆಯ ಹೆಂಗಸರು ಎಂದು ಒಟ್ಟಿಗೆ ಕೂತು ಹಾಡಿದ್ದರು? ಎಣ್ಣೆಬಣ್ಣ, ನೆರಳು-ಬೆಳಕು, ಗುಂಪು ಕೂರಿಸುವ ರೀತಿ, ಎಲ್ಲ ಯುರೋಪಿನ ಎರವಲು. 1894ರಲ್ಲಿ ಮುದ್ರಣಾಲಯ ಹಾಕಿ ಅವರು ಮನೆಮನೆಗೆ ಮುಟ್ಟಿಸಿದ ಲಕ್ಷ್ಮಿಯೂ ಹಾಗೇ ಬಂದವಳು. ಇವತ್ತು ಆಕೆ ನಮ್ಮವಳಲ್ಲ ಎನ್ನುವ ಧೈರ್ಯ ಯಾರಿಗಿದೆ? ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅದನ್ನೇ ಹಿಡಿದರು. 2000ರಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜತೆ ಮಾಡಿದ ಫೋಟೊ ಸರಣಿಯಲ್ಲಿ, ಬರೆದ ಪರದೆಯ ಮುಂದೆ, ತಾವೇ ರವಿವರ್ಮನ ಲಕ್ಷ್ಮಿಯಾಗಿ ನಿಂತರು. ಬ್ರಿಟಿಷರು ಚೌಕಳಿ ಪರದೆಯ ಮುಂದೆ ಬುಡಕಟ್ಟು ಜನರನ್ನು ನಿಲ್ಲಿಸಿ ಅಳತೆ ತೆಗೆಯುತ್ತಿದ್ದರಲ್ಲ, ಅದೇ ಸರಣಿಯಲ್ಲಿ ಹಾಗೆ ನಿಂತ ನೀಲಗಿರಿಯ ತೊದ ಬುಡಕಟ್ಟಿನ ಹೆಂಗಸೂ ಅವರೇ. ದೇವಿಯ ಭಂಗಿ, ಅಳತೆಯ ಭಂಗಿ ಎರಡಕ್ಕೂ ಒಂದೇ ಮೈ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ 'ಅವರವರ ಉಡುಗೆ ಬರೆಯಲಿ' ಎಂಬ ಮಾತು ನನಗೆ ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ.

ನಿಮ್ಮ ಕಾಗದದ ಕೊನೆ ಸಾಲಿಗೆ ಮಾತ್ರ ಎದುರಾಡುವುದಿಲ್ಲ. ಅಮೆರಿಕ ಸಾಕು, ಇಲ್ಲಿನ ಶಾಲೆ, ಪಂಚಾಯಿತಿ ಗೋಡೆಗಳಿಗೆ ಗಾಂಧಿ, ಅಂಬೇಡ್ಕರ್, ಕುವೆಂಪು ಚಿತ್ರ ಬರೆದವರ ಬಗ್ಗೆ ಬರೆಸಿ ಎಂದಿದ್ದೀರಿ. ನೀವೂ ಅಂಥವು ಬೇಕಾದಷ್ಟು ಬರೆದಿದ್ದೀರಂತೆ. ಅಂಬೇಡ್ಕರರಿಗೆ ನೀಲಿ ಕೋಟೇ ಯಾಕೆ, ಯಾವ ಫೋಟೊ ಮುಂದಿಟ್ಟುಕೊಂಡಿರಿ, ಯಾರು ಏನು ಬದಲಿಸಲು ಹೇಳಿದರು, ಎಲ್ಲ ಬರೆದು ಕಳಿಸಿ. ಎರಡು ಪುಟ ಖಾಲಿ ಇಟ್ಟಿರುತ್ತೇನೆ. ಮುಂದಿನ ತಿಂಗಳ 20ರೊಳಗೆ ನಮಗೆ ತಲುಪಬೇಕು, ಚಿತ್ರಗಳ ಫೋಟೊ ಜತೆಗಿರಲಿ.

– ಸಂಪಾದಕ