ಜೂನ್ ಒಂದಕ್ಕೆ ಹುಟ್ಟಿದವರು

ಪತ್ರ:

“ಸಂಪಾದಕರೇ, ನಾನು ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಪಾಠ ಮಾಡಿ ನಿವೃತ್ತನಾದವನು. ಒಂದು ಹವ್ಯಾಸ ಉಂಟು. ಒಂದೇ ತಾರೀಕಿಗೆ ಬೇರೆ ಬೇರೆ ವರ್ಷಗಳಲ್ಲಿ ನಡೆದ ದೊಡ್ಡ ಘಟನೆಗಳನ್ನು ಬರೆದಿಡುತ್ತೇನೆ. ಈಗ ಏಳು ನೋಟ್ ಪುಸ್ತಕ ತುಂಬಿದೆ. 1906ರ ಮಾರ್ಚ್ 12ಕ್ಕೆ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿತು. 1930ರಲ್ಲಿ ಅದೇ ದಿನ ಗಾಂಧೀಜಿ ದಂಡಿಗೆ ಹೊರಟರು. 2010ರ ಮೇ 22ಕ್ಕೆ ಮಂಗಳೂರಿನ ಬಜ್ಪೆಯಲ್ಲಿ ವಿಮಾನ ಬಿತ್ತು. ಹತ್ತು ವರ್ಷ ಕಳೆದು ಅದೇ ದಿನ ಕರಾಚಿಯಲ್ಲಿ ಬಿತ್ತು. ಇದೆಲ್ಲ ಸುಮ್ನೆ ಆಗುತ್ತದೆಯೇ? ಕೆಲವು ದಿನಗಳಿಗೇ ಒಂದು ಗುಣ ಇದೆ ಅಂತ ನನ್ನ ನಂಬಿಕೆ. ನಿಮ್ಮ ಪತ್ರಿಕೆಯಲ್ಲಿ ‘ಇತಿಹಾಸದಲ್ಲಿ ಈ ದಿನ’ ಅಂಕಣ ಯಾಕಿಲ್ಲ? ಬೇಕಿದ್ದರೆ ನಾನೇ ಬರೆದು ಕೊಡುತ್ತೇನೆ.”
— ಒಬ್ಬ ಓದುಗ, ಬ್ರಹ್ಮಾವರ

ಉತ್ತರ:

ಮಾಸ್ಟ್ರೇ, ಮೊದಲು ಒಂದು ಸಣ್ಣ ತೊಂದರೆ. ನಮ್ಮದು ತಿಂಗಳ ಪತ್ರಿಕೆ. ‘ಈ ದಿನ’ ಅಂತ ಹಾಕಿದರೆ ಯಾವ ದಿನ? ಹಂಪನಕಟ್ಟೆಯ ಅಂಗಡಿಯಲ್ಲಿ ನೇತು ಹಾಕುವ ದಿನವೇ ಬೇರೆ, ಅಂಚೆಯಲ್ಲಿ ಬೈಂದೂರಿಗೆ ಮುಟ್ಟುವ ದಿನವೇ ಬೇರೆ. ಆದರೂ ಏಳು ಪುಸ್ತಕ ತುಂಬಿಸಿದವರಿಗೆ ಎರಡು ಸಾಲಿನ ಉತ್ತರ ಕೊಟ್ಟರೆ ಮರ್ಯಾದೆಯಲ್ಲ. ಅದೂ ಅಲ್ಲದೆ, ನನಗೂ ಈ ಅಂಕಣಕ್ಕೂ ಹಳೇ ಲೆಕ್ಕ ಬಾಕಿ ಇದೆ.

ಮಂಗಳೂರಿನ ಒಂದು ದಿನಪತ್ರಿಕೆಗೆ ಉಪಸಂಪಾದಕನಾಗಿ ಸೇರಿದಾಗ ನನ್ನ ಕೈಗೆ ಕೊಟ್ಟ ಮೊದಲ ಕೆಲಸವೇ ಇದು. ರಾತ್ರಿ ಹತ್ತಕ್ಕೆ ಪುಟ ಕಟ್ಟುವವರು ಒಳಗಿನಿಂದ ಕೂಗುತ್ತಿದ್ದರು: “ಮಾರಾಯಾ, ಮೂರು ಇಂಚು ಖಾಲಿ ಉಂಟು, ಇತಿಹಾಸ ಕೊಡು!” ಜವಳಿ ಅಂಗಡಿಯ ಜಾಹೀರಾತು ಬಂದ ದಿನ ಇತಿಹಾಸವೇ ಇಲ್ಲ. ಬಾರದ ದಿನ ಉದ್ದುದ್ದ ಇತಿಹಾಸ. ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಇಯರ್‌ಬುಕ್ ಇತ್ತು. ಅದರಿಂದ ಇಳಿಸುತ್ತಿದ್ದೆ. ಹಾಗಾಗಿ ನಮ್ಮ ಓದುಗರಿಗೆ ವರ್ಷವಿಡೀ ಯುರೋಪಿನ ರಾಜರ ಪಟ್ಟಾಭಿಷೇಕ, ಬೊಜ್ಜ (ಉತ್ತರಕ್ರಿಯೆ), ಮತ್ತೆ ಪಟ್ಟಾಭಿಷೇಕ.

ಒಂದು ಏಪ್ರಿಲ್ 5ಕ್ಕೂ ಅಂಥದ್ದೇ ಏನೋ ಹಾಕಿದ್ದೆ. ಮರುದಿನ ಒಬ್ಬ ಹಿರಿಯರು ಕೊಡೆ ಹಿಡಿದುಕೊಂಡು ಆಫೀಸಿಗೇ ಬಂದರು. “1837ರ ಏಪ್ರಿಲ್ 5ಕ್ಕೆ ಸುಳ್ಯ ಕಡೆಯ ರೈತರ ದಂಡು ಮಂಗಳೂರನ್ನು ಹಿಡಿದು ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿತು. 13 ದಿನ ಊರು ಈಸ್ಟ್ ಇಂಡಿಯಾ ಕುಂಪಣಿಯವರ ಕೈಯಲ್ಲಿ ಇರಲಿಲ್ಲ. ನೀನು ದಿನಾ ಬಸ್ಸಿಳಿದು ಹತ್ತುವುದು ಅದೇ ಗುಡ್ಡೆ ಅಲ್ವಾ?” ಅಂದರು. ನಾನು ತಲೆ ತಗ್ಗಿಸಿ ಕೂತೆ. ಅವರು ಬೈದು ಮುಗಿಸಿ, ನನ್ನ ಲೆಕ್ಕದಲ್ಲೇ ಒಂದು ಚಾ ಕುಡಿದು ಹೋದರು. ಆ ಇಯರ್‌ಬುಕ್ಕನ್ನು ಮತ್ತೆ ತೆರೆಯುವಾಗೆಲ್ಲ ಅವರ ಕೊಡೆ ನೆನಪಾಗುತ್ತಿತ್ತು.

ಇನ್ನು ನಿಮ್ಮ ಪ್ರಶ್ನೆ. ಒಂದೇ ತಾರೀಕಿನ ಘಟನೆಗಳನ್ನು ಜೋಡಿಸುವುದರಿಂದ ಲಾಭವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಮಕ್ಕಳಿಗೆ ಇಸವಿ ಬಾಯಿಪಾಠ ಮಾಡಿಸಲು ಒಳ್ಳೆಯ ಉಪಾಯ. ಕ್ವಿಜ್‌ನವರಿಗೂ ಅನ್ನ. ಅಷ್ಟಕ್ಕೆ ಒಪ್ಪಿದೆ. ಆದರೆ ದಿನಕ್ಕೇ ಗುಣ ಇದೆ ಅಂದಿರಲ್ಲ, ಅಲ್ಲಿ ನಾನು ನಿಲ್ಲುತ್ತೇನೆ. ನೀವು ಹಾಜರಿ ಪುಸ್ತಕ ಹಿಡಿದವರು, ನಿಮಗೆ ಹೇಳಿದರೆ ಬೇಗ ಅರ್ಥವಾಗುತ್ತದೆ. ಒಂದು ಕ್ಲಾಸಿನಲ್ಲಿ 23 ಮಕ್ಕಳಿದ್ದರೆ ಸಾಕು, ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧಕ್ಕಿಂತ ತುಸು ಜಾಸ್ತಿ. ಯಾಕೆಂದರೆ 23 ಮಕ್ಕಳನ್ನು ಇಬ್ಬಿಬ್ಬರಂತೆ ಜೋಡಿ ಮಾಡಿದರೆ 253 ಜೋಡಿ ಆಗುತ್ತದೆ. ಇರುವುದು 365 ದಿನ, ಜಗತ್ತಿನ ಇತಿಹಾಸವೋ ಸಾವಿರಾರು ವರ್ಷದ್ದು. ಕೂಡಿ ಬಾರದಿದ್ದರೇ ಆಶ್ಚರ್ಯ.

ಮೇ 22ರ ಮಾತು ನನಗೆ ನಿಜಕ್ಕೂ ಹಿಡಿಸಲಿಲ್ಲ. ದುಬೈಯಿಂದ ಬಂದ ಆ ವಿಮಾನದಲ್ಲಿ 166 ಜನ ಇದ್ದರು. 158 ಮಂದಿ ಹೋದರು, ಎಂಟೇ ಮಂದಿ ಉಳಿದರು. ಇಳಿಯುವ ಹೊತ್ತಿಗೆ ವಿಮಾನ ಇರಬೇಕಾದ ಎತ್ತರದಲ್ಲಿ ಇರಲಿಲ್ಲ. ಮತ್ತೆ ಮೇಲೇರೋಣ ಅಂತ ಸಹ ಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಸಿಯೇ ಬಿಟ್ಟರು ಅಂತ ತನಿಖೆ ಹೇಳಿತು. ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ, ಆಚೆಗೆ ಕಣಿವೆ. ಕರಾಚಿಯದ್ದೇ ಬೇರೆ ಕತೆ. ಅಲ್ಲಿ ಚಕ್ರ ಬಿಚ್ಚದೆ ಇಳಿಸಲು ಹೋಗಿ ಎಂಜಿನ್‌ಗಳು ರನ್‌ವೇಗೆ ಉಜ್ಜಿದವು. ಮತ್ತೆ ಮೇಲೆ ಹಾರಿದ ಮೇಲೆ ಎರಡೂ ನಿಂತು ಹೋದವು. ಎರಡು ಕಡೆಯೂ ತಪ್ಪು ಮನುಷ್ಯರದ್ದು, ಹೆಸರಿಟ್ಟು ಹೇಳಬಹುದಾದದ್ದು, ತಿದ್ದಬಹುದಾದದ್ದು. ದೋಷವನ್ನು ತಾರೀಕಿನ ತಲೆಗೆ ಕಟ್ಟಿದರೆ ತಿದ್ದುವವರು ಯಾರು? ಬಜ್ಪೆಯಲ್ಲಿ ಮನೆಯವರನ್ನು ಕಳೆದುಕೊಂಡವರು ನಮ್ಮ ಓದುಗರಲ್ಲೂ ಇದ್ದಾರೆ ಮಾಸ್ಟ್ರೇ.

ಇನ್ನೊಂದು. ನೀವು ‘ಅದೇ ದಿನ’ ಅನ್ನುವ ದಿನವೇ ಗಟ್ಟಿಯಲ್ಲ. ಏಪ್ರಿಲ್ 23ಕ್ಕೆ ವಿಶ್ವ ಪುಸ್ತಕ ದಿನ ಮಾಡುತ್ತೇವೆ. ಶೇಕ್ಸ್‌ಪಿಯರ್, ಸರ್ವಾಂಟಿಸ್ ಇಬ್ಬರೂ 1616ರಲ್ಲಿ ಆ ದಿನ ತೀರಿಕೊಂಡರು ಅಂತ ಭಾಷಣ ಬೇರೆ. ಸ್ಪೇನ್ ಆಗಲೇ ಹೊಸ ಕ್ಯಾಲೆಂಡರಿಗೆ ಬಂದಿತ್ತು, ಇಂಗ್ಲೆಂಡ್ ಹಳೆಯದರಲ್ಲೇ ಇತ್ತು. ನಡುವೆ ಹತ್ತು ದಿನದ ಅಂತರ. ಇಂಗ್ಲಿಷರು ಬದಲಾಯಿಸಿದ್ದು 1752ರಲ್ಲಿ. ಆ ಸೆಪ್ಟೆಂಬರ್ 2ರ ರಾತ್ರಿ ಮಲಗಿದವರು ಬೆಳಿಗ್ಗೆ ಏಳುವಾಗ ತಾರೀಕು 14. ಅಷ್ಟು ದೂರ ಯಾಕೆ? ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನ. ಈಗ ಸಂಕ್ರಾಂತಿ 14ಕ್ಕೋ 15ಕ್ಕೋ ಬರುತ್ತದೆ. ಹಾಗಾದರೆ ಅವರ ಹುಟ್ಟುಹಬ್ಬ ಯಾವತ್ತು, 12ಕ್ಕೋ ಸಂಕ್ರಾಂತಿಗೋ? ನನ್ನ ಅಜ್ಜಿಗೆ ಕೇಳಿದರೆ ಸಂಕ್ರಾಂತಿಗೇ ಅನ್ನುತ್ತಿದ್ದರು. ಅವರದ್ದು ತುಳು ತಿಂಗಳುಗಳು: ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ. ಜನವರಿ ಅನ್ನುವುದು ಕರೆಂಟ್ ಬಿಲ್ಲಿಗೆ ಮಾತ್ರ.

ನನಗೆ ಬೇಕಾದ ತಾರೀಕುಗಳು ಬೇರೆ ಜಾತಿಯವು. ಮನುಷ್ಯರು ಬೇಕೆಂದೇ ಕೂಡಿಸಿದ ತಾರೀಕುಗಳು. 1930ರ ಜನವರಿ 26ಕ್ಕೆ ದೇಶವಿಡೀ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿತು. ಸಂವಿಧಾನ 1949ರ ನವೆಂಬರ್ 26ಕ್ಕೇ ಅಂಗೀಕಾರವಾದರೂ ಆ ದಿನಕ್ಕಾಗಿ ಎರಡು ತಿಂಗಳು ಕಾದರು. ಆಗಸ್ಟ್ 15ರ ಹಿಂದೆಯೂ ಒಬ್ಬರ ಆಯ್ಕೆ ಇದೆ. ಜಪಾನ್ ಶರಣಾಗಿ ಅಂದಿಗೆ ಎರಡು ವರ್ಷ ಅಂತ ಮೌಂಟ್‌ಬ್ಯಾಟನ್ ಅದನ್ನು ಹಿಡಿದರು. ಇಂಥ ಜೋಡಿ ಸಿಕ್ಕಿದರೆ ‘ಯಾಕೆ’ ಅಂತ ಕೇಳಬಹುದು, ಉತ್ತರವೂ ಸಿಗುತ್ತದೆ.

ನಮ್ಮ ಊರಿಗೆ ಎಲ್ಲಕ್ಕಿಂತ ದೊಡ್ಡದು ನವೆಂಬರ್ 1. ನಿಮ್ಮ ಪಟ್ಟಿಯಲ್ಲಿ ಅದು ಕಾಣಲಿಲ್ಲ, ಅದೇ ನನಗೆ ಬೇಸರ. 1956ರಲ್ಲಿ ಅವತ್ತು ಕನ್ನಡ ನಾಡು ಒಂದಾಯಿತು ಅಂತ ಎಲ್ಲರಿಗೂ ಗೊತ್ತು. ಅವತ್ತೇ ಕೇರಳವೂ ಹುಟ್ಟಿತು. ಅವತ್ತೇ ನಮ್ಮ ಸೌತ್ ಕೆನರಾ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಬಂತು, ಕಾಸರಗೋಡು ತಾಲೂಕು ಮಾತ್ರ ಕೇರಳಕ್ಕೆ ಹೋಯಿತು. ಸಮುದ್ರದ ಆಚೆಗಿನ ಅಮೀನ್‌ದೀವಿ ದ್ವೀಪಗಳೂ ಅಲ್ಲಿಯವರೆಗೆ ನಮ್ಮ ಜಿಲ್ಲೆಯವೇ. ಅವೂ ಅವತ್ತೇ ಕೈಬಿಟ್ಟು ಹೋಗಿ ಈಗಿನ ಲಕ್ಷದ್ವೀಪದಲ್ಲಿ ಸೇರಿದವು. ಇದನ್ನು ಹೇಳಿದರೆ ಇವತ್ತಿನ ಕಾಲೇಜು ಹುಡುಗರು ನಗುತ್ತಾರೆ, ದ್ವೀಪವಾ, ನಮ್ಮದಾ ಅಂತ.

ನನ್ನ ದೊಡ್ಡಮ್ಮನನ್ನು ಕಾಸರಗೋಡು ಕಡೆಯ ಕುಂಬಳೆಗೆ ಕೊಟ್ಟದ್ದು. ದೊಡ್ಡಪ್ಪ ಹೇಳುತ್ತಿದ್ದರು: “ಮನೆ ಅದೇ, ಬಾವಿ ಅದೇ, ಬಾವಿಕಟ್ಟೆಯ ತೆಂಗಿನ ಮರವೂ ಅದೇ. ಬೆಳಿಗ್ಗೆ ಎದ್ದಾಗ ರಾಜ್ಯ ಬೇರೆ.” ಪ್ರತಿ ನವೆಂಬರ್ 1ಕ್ಕೆ ಅವರು ಮಂಗಳೂರಿಗೆ ಬರುತ್ತಿದ್ದರು. ನೆಹರೂ ಮೈದಾನದ ರಾಜ್ಯೋತ್ಸವ ನೋಡಿ, ಊಟ ಮಾಡಿ, ಸಂಜೆ ಬಸ್ಸಿಗೆ ವಾಪಸ್. ಮರುದಿನ ಅವರ ಶಾಲೆಯ ಮಕ್ಕಳಿಗೆ ಕೇರಳ ಹುಟ್ಟಿದ ದಿನದ ಮಿಠಾಯಿ. 1967ರಲ್ಲಿ ಗಡಿ ವಿವಾದದ ಬಗ್ಗೆ ಮಹಾಜನ್ ಆಯೋಗದ ವರದಿ ಬಂತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ ಬರೆದಿತ್ತು. ದೊಡ್ಡಪ್ಪ ಆ ಪೇಪರ್ ಕತ್ತರಿಸಿ ಪೆಟ್ಟಿಗೆಯಲ್ಲಿ ಇಟ್ಟರು. ಅವರು ಹೋದ ಮೇಲೆ ಪೆಟ್ಟಿಗೆ ತೆರೆದಾಗ ಮನೆಯ ಹಕ್ಕುಪತ್ರದ ಜೊತೆಗೇ ಅದೂ ಇತ್ತು. ನಾಲ್ಕು ಮಡಿಕೆ, ನಾಲ್ಕು ಕಡೆಯೂ ಹರಿದಿತ್ತು.

ನಿಮ್ಮ ಮಾರ್ಚ್ 12ನ್ನೂ ನಾನು ಹೀಗೇ ನೋಡುತ್ತೇನೆ. ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಬ್ಯಾಂಕು ಕಟ್ಟಿದ ದಿನ ಗಾಂಧೀಜಿ ಇನ್ನೂ ದಕ್ಷಿಣ ಆಫ್ರಿಕಾದಲ್ಲಿದ್ದರು. 24 ವರ್ಷ ಕಳೆದು ಅವರು 78 ಜನರ ಜೊತೆ ಸಾಬರಮತಿ ಬಿಟ್ಟದ್ದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಸಂಬಂಧ ಬೇಕಿದ್ದರೆ ಏಪ್ರಿಲ್ 1 ನೋಡಿ. ನಮ್ಮ ಕರಾವಳಿಯಿಂದ ಹೊರಟ ನಾಲ್ಕು ಬ್ಯಾಂಕುಗಳು ಸರ್ಕಾರದ್ದಾದವು. ಕೆನರಾ, ಸಿಂಡಿಕೇಟ್ 1969ರ ಜುಲೈ 19ಕ್ಕೆ. ಕಾರ್ಪೊರೇಷನ್, ವಿಜಯಾ 1980ರ ಏಪ್ರಿಲ್ 15ಕ್ಕೆ. 2019ರ ಏಪ್ರಿಲ್ 1ಕ್ಕೆ ಬೇರೆ ಬ್ಯಾಂಕಿನಲ್ಲಿ ವಿಲೀನವಾಗಿ ವಿಜಯಾ ಹೆಸರು ಹೋಯಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್, ಸಿಂಡಿಕೇಟ್ ಎರಡೂ ಒಟ್ಟಿಗೆ. ಇದರಲ್ಲಿ ಗ್ರಹಗತಿ ಏನಿಲ್ಲ, ಸರ್ಕಾರದ ಲೆಕ್ಕದ ವರ್ಷ ಶುರುವಾಗುವುದೇ ಅವತ್ತು.

ಆದರೆ 2020ರ ಆ ದಿನ ಹೇಗಿತ್ತು ನೆನಪು ಮಾಡಿಕೊಳ್ಳಿ. ಲಾಕ್‌ಡೌನ್ ಶುರುವಾಗಿ ಒಂದು ವಾರ. ನಾವೆಲ್ಲ ಬಾಗಿಲು ಹಾಕಿ ಒಳಗೆ. ಸಿಂಡಿಕೇಟ್ ಅಂದರೆ 1928ರಲ್ಲಿ ಪಿಗ್ಮಿ ಶುರುಮಾಡಿ, ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಹಣ ಎತ್ತಿ ಬೆಳೆದ ಬ್ಯಾಂಕು. ಅದರ ಹೆಸರು ಹೋದ ದಿನ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ನನ್ನ ಅಮ್ಮನ ಹಳೇ ಪಿಗ್ಮಿ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ದಿನಕ್ಕೊಂದು ಸಹಿ. ನಡುವೆ ಹನ್ನೊಂದು ದಿನ ಖಾಲಿ, ಅಪ್ಪ ಆಸ್ಪತ್ರೆಯಲ್ಲಿದ್ದ ದಿನಗಳು. ಅಂಥ ಪುಸ್ತಕಗಳು ಎಷ್ಟು ಮನೆಯಲ್ಲಿ ಗುಜರಿಗೆ ಹೋದವೋ.

ಗುಜರಿ ಅಂದಾಗ ನೆನಪಾಯಿತು. ನಮಗೆ ‘ದಿನಾಚರಣೆ’ಗಳಿಗೇನೂ ಕಡಿಮೆಯಿಲ್ಲ. ಜುಲೈ 1 ಪತ್ರಿಕಾ ದಿನ. 1843ರಲ್ಲಿ ಅವತ್ತು ಬಾಸೆಲ್ ಮಿಷನ್ನಿನ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ತಂದರು, ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನದು. ಅದೇ ಜುಲೈ 1 ವೈದ್ಯರ ದಿನವೂ ಹೌದು. ಬಿ.ಸಿ. ರಾಯ್ ಹುಟ್ಟಿದ್ದೂ ಅವತ್ತೇ, ತೀರಿಕೊಂಡದ್ದೂ ಅವತ್ತೇ. ಹಾಗಾಗಿ ಪ್ರತಿ ವರ್ಷ ಬೆಳಿಗ್ಗೆ ಒಂದು ಶಾಲು, ಮಧ್ಯಾಹ್ನ ಇನ್ನೊಂದು. ವೇದಿಕೆ ಅದೇ, ಹಿಂದಿನ ಬ್ಯಾನರ್ ಮಾತ್ರ ಬದಲು. ನನಗೂ ಹಾಕಿದ್ದಾರೆ, ಶಾಲು ಮನೆಯಲ್ಲಿ ಫ್ರಿಜ್ಜಿನ ಮೇಲೆ ಹೊದಿಸಿದೆ. ‘ಮಂಗಳೂರ ಸಮಾಚಾರ’ ಇಲ್ಲಿಂದ ಬಳ್ಳಾರಿಗೆ ಯಾಕೆ ಹೋಯಿತು, ವರ್ಷ ತುಂಬುವ ಮೊದಲೇ ಹೆಸರು ಯಾಕೆ ಬದಲಾಯಿತು ಅಂತ ಆ ವೇದಿಕೆಯಲ್ಲಿ ಒಬ್ಬರಾದರೂ ಕೇಳಿದ್ದನ್ನು ನಾನು ಕೇಳಿಲ್ಲ. ತಾರೀಕು ಸಿಕ್ಕಿತು, ಹಾರ ಹಾಕಿದೆವು, ಗೋಳಿಬಜೆ ತಿಂದೆವು, ಮುಗಿಯಿತು. ಈಗ ಅಷ್ಟೂ ಬೇಡ, ಫೋನಿನಲ್ಲಿ ಸ್ಟೇಟಸ್ ಹಾಕಿದರೆ ಆಯಿತು.

ಸುಮ್ನೆ ಕೂಡಿಬಂದ ತಾರೀಕಿಗೆ ಬೆಲೆ ತಂದವರೂ ಇದ್ದಾರೆ, ಅದನ್ನು ಹೇಳದಿದ್ದರೆ ಅನ್ಯಾಯ. ಮಾರ್ಚ್ 23. ಮಂಜೇಶ್ವರದ ಗೋವಿಂದ ಪೈಗಳು 1883ರಲ್ಲಿ ಹುಟ್ಟಿದ್ದು ಅವತ್ತು. ರಾಮಮನೋಹರ ಲೋಹಿಯಾ ಹುಟ್ಟಿದ್ದೂ ಅವತ್ತೇ, 1910ರಲ್ಲಿ. 1931ರಲ್ಲಿ ಅದೇ ದಿನ ಭಗತ್ ಸಿಂಗ್, ರಾಜಗುರು, ಸುಖದೇವ್ ಅವರನ್ನು ಗಲ್ಲಿಗೇರಿಸಿದರು. ಆಮೇಲೆ ಲೋಹಿಯಾ ತನ್ನ ಹುಟ್ಟುಹಬ್ಬ ಮಾಡಲು ಒಪ್ಪುತ್ತಿರಲಿಲ್ಲ. ಗೋವಿಂದ ಪೈಗಳೋ, ಕಾವ್ಯದಷ್ಟೇ ಪ್ರೀತಿಯಿಂದ ಕಾಲನಿರ್ಣಯಕ್ಕೆ ಕೂತವರು. ಒಬ್ಬ ಕವಿಯ ಕಾಲ, ಒಂದು ಶಾಸನದ ತಿಥಿ ಅಂತ ಪುಟಗಟ್ಟಲೆ ಲೆಕ್ಕ. ತಾರೀಕು ಅವರಿಗೆ ಪ್ರಶ್ನೆಯ ಮೊದಲ ಸಾಲು. ನಿಮ್ಮ ಏಳು ಪುಸ್ತಕದಲ್ಲಿ ಅಂಥ ಪ್ರಶ್ನೆ ಎಷ್ಟಿವೆ?

ಬೇಸರ ಮಾಡಬೇಡಿ ಮಾಸ್ಟ್ರೇ. ನಿಮ್ಮ ಹತ್ತಿರ ಒಂದು ತಾರೀಕು ಇದೆ, ನನಗೆ ಖಂಡಿತ ಗೊತ್ತು. ಜೂನ್ 1. ನಮ್ಮ ಕಾಲದಲ್ಲಿ ಅರ್ಧ ಕ್ಲಾಸು ಜೂನ್ 1ಕ್ಕೆ ಹುಟ್ಟಿದವರೇ. ಶಾಲೆಗೆ ಸೇರಿಸಲು ಬಂದ ಅಪ್ಪನಿಗೆ ತಾರೀಕು ಗೊತ್ತಿಲ್ಲ, ಮಾಸ್ಟ್ರು ಕನ್ನಡಕದ ಮೇಲಿಂದ ಹುಡುಗನ ಎತ್ತರ ನೋಡಿ ಬರೆದುಬಿಡುತ್ತಿದ್ದರು. ನನ್ನದೂ ಹಾಗೆಯೇ. ಅಮ್ಮ ಹೇಳುವುದು ಬೇರೆ. ಆಟಿಯ ಜಡಿಮಳೆ, ತೋಡು ತುಂಬಿ ಕಾಲುಸಂಕ ಮುಳುಗಿತ್ತು, ಸೂಲಗಿತ್ತಿಯನ್ನು ದೋಣಿಯಲ್ಲಿ ದಾಟಿಸಿದ್ದು. ಇಸವಿ ಕೇಳಿದರೆ, “1974ರ ನೆರೆಗೆ ನೀನು ಮೂರನೇ ಕ್ಲಾಸು” ಅನ್ನುತ್ತಿದ್ದರು. ಆಧಾರ್, ಪಾಸ್‌ಪೋರ್ಟ್, ಎಲ್ಲದರಲ್ಲೂ ನಾನು ಬೇಸಿಗೆ ರಜೆ ಮುಗಿದ ದಿನವೇ ಹುಟ್ಟಿದವನು.

ನೀವು ಎಷ್ಟು ಮಕ್ಕಳನ್ನು ಜೂನ್ 1ಕ್ಕೆ ಹುಟ್ಟಿಸಿದಿರಿ? ಅವರ ಅಪ್ಪ ಅಮ್ಮ ನಿಮ್ಮ ಮೇಜಿನ ಮುಂದೆ ನಿಂತು ಏನು ಹೇಳಿದರು? ಯಾವ ಜಾತ್ರೆ, ಯಾವ ಕೋಲ, ಯಾವ ಕೊಯಿಲಿನ ಹೊತ್ತು ಅಂದರು? ಅದನ್ನು ಬರೆಯಿರಿ, ಅಂಕಣ ನಿಮ್ಮದೇ. ಹೆಸರನ್ನೂ ನೀವೇ ಇಡಿ. ಬ್ರಹ್ಮಾವರ, ಬಾರ್ಕೂರು ಸುತ್ತಿನದು ಮೊದಲು ಬರಲಿ, ಯುರೋಪಿನ ರಾಜರು ಆಮೇಲೆ. ಪ್ರತಿ ತಾರೀಕಿನ ಕೆಳಗೆ ‘ಯಾಕೆ’ ಅನ್ನುವುದಕ್ಕೆ ನಾಲ್ಕು ಸಾಲು ಬೇಕು. ವಿಮಾನದ ಪುಟ ಬೇಡ. ತಿಂಗಳ 20ರೊಳಗೆ ನಮಗೆ ಮುಟ್ಟುವಂತೆ ಕಳಿಸಿ. ಅಕ್ಷರ ಸ್ವಲ್ಪ ದೊಡ್ಡದಾಗಿರಲಿ, ನಮ್ಮ ಟೈಪ್ ಮಾಡುವ ಅಕ್ಕನಿಗೆ ಮೊನ್ನೆಯಷ್ಟೇ ಕಣ್ಣಿನ ಆಪರೇಷನ್ ಆಗಿದೆ.

— ಸಂಪಾದಕ